ಬರೇ ಸಹಿ ಹಾಕಿದವರ ಹೊಣೆ

ಇಚಲಕರಂಜಿಯಿಂದ ನಮಗೊಂದು ಪತ್ರ ಬಂದಿದೆ. ಬರೆದವರು ಅಲ್ಲಿ ಮೂರು ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರು. ಹೊರರಾಜ್ಯದಲ್ಲಿದ್ದು ಅಂಚೆಯಲ್ಲಿ ನಮ್ಮ ಪತ್ರಿಕೆ ತರಿಸಿಕೊಳ್ಳುವ ಕೆಲವೇ ಚಂದಾದಾರರಲ್ಲಿ ಒಬ್ಬರು. ಗಡಿಯ ಒಂದು ತುದಿಯಲ್ಲಿ ಉಳಿದುಹೋದ ಕಾಸರಗೋಡಿನವರ ಸುದ್ದಿ, ಇನ್ನೊಂದು ತುದಿಯಲ್ಲಿ ಉಳಿದುಹೋದ ತಮಗೆ ಪರರದೆಂದು ಅನ್ನಿಸುವುದಿಲ್ಲವೆಂದು ಅವರು ಹಿಂದೊಮ್ಮೆ ಬರೆದಿದ್ದರು. ಈ ಸಲದ ಪತ್ರ ಭಾಷೆಯ ವಿಚಾರದ್ದಲ್ಲ, ಮನೆಯ ವಿಚಾರದ್ದು. ಹೆಸರು ಬೇಡವೆಂದಿದ್ದಾರೆ. ಗುರುತು ಹತ್ತುವ ವಿವರಗಳನ್ನು ನಾವೂ ಬಿಟ್ಟಿದ್ದೇವೆ.

ಅವರ ತಂದೆಯವರು ಸುಮಾರು ನಲುವತ್ತು ವರುಷಗಳ ಹಿಂದೆ ತಮ್ಮ ಸ್ವಯಾರ್ಜಿತದ ಒಂದು ಮನೆ, ಒಂದು ಮಗ್ಗದ ಷೆಡ್ಡು, ಅದರೊಳಗಿನ ಹನ್ನೆರಡು ಯಂತ್ರಮಗ್ಗಗಳು, ಇವಿಷ್ಟನ್ನು ಟ್ರಸ್ಟಿಗೆ ಬರೆದು ನೋಂದಣಿ ಮಾಡಿಸಿದರು. ಉತ್ಪನ್ನ ಗಂಡುಮಕ್ಕಳಿಗೂ ಹೆಣ್ಣುಮಗಳಿಗೂ ಸಮನಾಗಿ ಸಲ್ಲಬೇಕು. ಅವರಲ್ಲಿ ಯಾರು ತೀರಿಕೊಂಡರೂ ಆ ಪಾಲು ಅವರ ಮಕ್ಕಳಿಗೆ ಹೋಗಬೇಕು. ಎಲ್ಲರ ಕಾಲಾನಂತರ ಆಸ್ತಿ ಮೊಮ್ಮಕ್ಕಳಿಗೆ ಸೇರಬೇಕು. ಟ್ರಸ್ಟಿಗಳು ಮೂವರು: ಹಿರಿಯ ಮಗ, ಪತ್ರ ಬರೆದ ಕಿರಿಯ ಮಗ, ತಂದೆಯ ಸ್ನೇಹಿತರೊಬ್ಬರು. ಸ್ನೇಹಿತರು ತೀರಿಕೊಂಡು ಹದಿನೈದು ವರುಷಗಳಾದವು. ಆ ಸ್ಥಾನ ಹಾಗೆಯೇ ಖಾಲಿ ಬಿದ್ದಿದೆ. ತಂಗಿ ನಿಪ್ಪಾಣಿಯ ಮನೆಗೆ ಮದುವೆಯಾಗಿ ಹೋಗಿದ್ದರು, ಅವರೂ ಈಗಿಲ್ಲ. ತಂಗಿಯ ಮಗಳು ಎರಡು ವರುಷಗಳ ಹಿಂದೆ ದೊಡ್ಡ ಮಾವನಿಗೆ ಪತ್ರ ಬರೆದು ಟ್ರಸ್ಟಿನ ಲೆಕ್ಕ ಕೇಳಿದರು. ಬಂದ ಉತ್ತರ ಇದು: ಮನೆಯ ಯಜಮಾನನನ್ನು ಲೆಕ್ಕ ಕೇಳುವ ಪದ್ಧತಿ ನಮ್ಮಲ್ಲಿಲ್ಲ, ನಿನ್ನ ತಾಯಿಗೆ ಕೊಡಬೇಕಾದ್ದನ್ನು ಮದುವೆಯಲ್ಲೇ ಕೊಟ್ಟಾಗಿದೆ. ಈ ನಡುವೆ ಷೆಡ್ಡನ್ನು ದೊಡ್ಡವರ ಮಗನೇ ಬಾಡಿಗೆಗೆ ಹಿಡಿದಿದ್ದಾನೆ. ಬಾಡಿಗೆ ಇಪ್ಪತ್ತು ವರುಷಗಳ ಹಿಂದೆ ಗೊತ್ತು ಮಾಡಿದ್ದು.

ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆಯಿದೆ. “ಅಣ್ಣ ಕಳಿಸಿದ ಕಾಗದಗಳಿಗೆ ನಾನು ಬರೇ ಸಹಿ ಹಾಕಿದವನು. ಒಂದು ಪೈಸೆ ಮುಟ್ಟಿದವನಲ್ಲ. ನಾಳೆ ಸೊಸೆ ಕೋರ್ಟಿಗೆ ಹೋದರೆ ನನಗೂ ಅದಕ್ಕೂ ಏನು ಸಂಬಂಧ?” ತಂಗಿಯ ಮಗಳನ್ನು ಅವರ ಕಡೆಯ ರೂಢಿಯಂತೆ ಸೊಸೆ ಎಂದಿದ್ದಾರೆ.

ಒಬ್ಬರ ಮನೆಯ ಜಗಳವನ್ನು ಸಂಪಾದಕೀಯಕ್ಕೆ ಏಕೆ ಎಳೆಯಬೇಕೆಂದು ಓದುಗರು ಕೇಳಬಹುದು. ಊರ ಹೆಸರುಗಳನ್ನು ಬದಲಿಸಿ ಇದೇ ಪತ್ರವನ್ನು ಓದಿ ನೋಡಿ. ಇಚಲಕರಂಜಿಯ ಜಾಗದಲ್ಲಿ ಮಂಜೇಶ್ವರವನ್ನೋ ಬದಿಯಡ್ಕವನ್ನೋ ಇಡಿ, ನಿಪ್ಪಾಣಿಯ ಜಾಗದಲ್ಲಿ ಪುತ್ತೂರನ್ನು ಇಡಿ, ಮಗ್ಗದ ಷೆಡ್ಡಿನ ಬದಲು ಅಡಿಕೆ ತೋಟವೆನ್ನಿ. ಪತ್ರ ನಮ್ಮೂರಿನದೇ ಆಗುತ್ತದೆ.

ಎರಡು ಊರುಗಳ ಪಾಡು ಒಂದೇ ದಿನ ನಿಶ್ಚಯವಾದದ್ದು. ಪಂಚಗಂಗಾ ನದಿಯ ದಡದ ಇಚಲಕರಂಜಿ ಕೊಲ್ಹಾಪುರ ಸಂಸ್ಥಾನದ ಅಧೀನದಲ್ಲಿದ್ದ ಘೋರ್ಪಡೆ ಮನೆತನದ ಜಹಗೀರು. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗ ಹೂಡಿದ ಮೇಲೆ ಊರು ನೇಕಾರಿಕೆಯ ಪೇಟೆಯಾಗಿ ಬೆಳೆಯಿತು; 2022ರಲ್ಲಿ ಮಹಾನಗರಪಾಲಿಕೆಯೂ ಆಯಿತು. ಕೊಲ್ಹಾಪುರ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಚಿಕ್ಕೋಡಿ, ನಿಪ್ಪಾಣಿಗಳು ಮೈಸೂರಿನ ಪಾಲಿಗೆ ಬಂದಾಗ ಇಚಲಕರಂಜಿ, ಗಡಹಿಂಗ್ಲಜಗಳು ಮುಂಬಯಿಯಲ್ಲೇ ಉಳಿದು 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಅದೇ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕನ್ನು ಕತ್ತರಿಸಿ ಕೇರಳಕ್ಕೆ ಕೊಟ್ಟರು. ಹೆಣ್ಣು ಕೊಟ್ಟ ಮನೆ ಒಂದು ರಾಜ್ಯದಲ್ಲಿ, ತಂದ ಮನೆ ಇನ್ನೊಂದರಲ್ಲಿ. ಆಸ್ತಿಯ ಕಾಗದ ಒಂದು ಭಾಷೆಯಲ್ಲಿ, ಅದನ್ನು ಓದಬೇಕಾದವರ ಶಾಲೆ ಇನ್ನೊಂದು ಭಾಷೆಯಲ್ಲಿ. ಟ್ರಸ್ಟಿನ ಕಾನೂನು ನಮ್ಮಂಥ ಕುಟುಂಬಗಳಿಗೆ ವಕೀಲರ ಕೋಣೆಯ ಒಣ ವಿಷಯವಲ್ಲದಿರುವುದು ಇದರಿಂದಲೇ.

ಮೊದಲು ದೊಡ್ಡವರ ಮಾತನ್ನೇ ತೆಗೆದುಕೊಳ್ಳೋಣ. ಯಜಮಾನನನ್ನು ಲೆಕ್ಕ ಕೇಳುವ ಪದ್ಧತಿಯಿಲ್ಲವೆಂಬ ಅವರ ಮಾತಿಗೆ ಬುಡವೇ ಇಲ್ಲವೆನ್ನುವಂತಿಲ್ಲ. ಅವಿಭಕ್ತ ಹಿಂದೂ ಕುಟುಂಬದ ಕರ್ತನಿಗೆ ಕಾನೂನು ದೊಡ್ಡ ಸ್ವಾತಂತ್ರ್ಯವನ್ನೇ ಕೊಟ್ಟಿದೆ. ವಂಚನೆಯ ಅಥವಾ ದುರುಪಯೋಗದ ಆರೋಪವಿಲ್ಲದಿದ್ದರೆ, ಪಾಲಿನ ದಿನ ಅವನು ಇರುವ ಆಸ್ತಿಯನ್ನು ಮುಂದಿಟ್ಟರಾಯಿತು. ಹಿಂದಿನ ವರುಷಗಳಲ್ಲಿ ಎಷ್ಟು ಬಂತು, ಎಷ್ಟು ಹೋಯಿತೆಂದು ಸಾಮಾನ್ಯವಾಗಿ ಒಪ್ಪಿಸಬೇಕಾಗಿಲ್ಲ. ಈ ವ್ಯವಸ್ಥೆಗೆ ಆಧಾರವಾದ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು, ನಮ್ಮ ನಾಡಿನವನು. 1882ರ ಭಾರತೀಯ ಟ್ರಸ್ಟ್ ಕಾಯಿದೆ ತನ್ನ ಮೊದಲ ಕಲಮಿನಲ್ಲೇ ಅವಿಭಕ್ತ ಕುಟುಂಬದ ಸದಸ್ಯರ ಪರಸ್ಪರ ಸಂಬಂಧಗಳಿಗೆ ತಾನು ಕೈಹಾಕುವುದಿಲ್ಲವೆಂದು ಹೇಳಿದೆ.

ತಂದೆಯವರು ಅವಿಭಕ್ತ ಕುಟುಂಬದ ಆಸ್ತಿಯನ್ನು ಬಿಟ್ಟುಹೋಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತೇನೋ. ಅವರು ಹಾಗೆ ಮಾಡಲಿಲ್ಲ. ಸ್ವಂತ ದುಡಿಮೆಯ ಆಸ್ತಿಯನ್ನು, ಸ್ಥಿರಾಸ್ತಿಗೆ ಕಾಯಿದೆ ಹೇಳುವಂತೆ ಬರವಣಿಗೆಯಲ್ಲಿ, ಸಹಿ ಮಾಡಿ, ನೋಂದಣಿ ಮಾಡಿಸಿ ಟ್ರಸ್ಟಿಗೆ ಕೊಟ್ಟರು. ಆ ದಿನದಿಂದ ಹಿರಿಯ ಮಗ ಆ ಮಟ್ಟಿಗೆ ಯಜಮಾನನಲ್ಲ, ಟ್ರಸ್ಟಿ. ಊಟದ ಪಂಕ್ತಿಯಲ್ಲಿ ಅವರಿಗೆ ಮೊದಲ ಎಲೆ ಹಾಕಲಿ, ಮದುವೆಯ ಕಾಗದದಲ್ಲಿ ಅವರ ಹೆಸರೇ ಮೇಲಿರಲಿ. ಷೆಡ್ಡಿನ ಬಾಡಿಗೆಯ ವಿಷಯ ಬಂದಾಗ ಅವರು ಇನ್ನೊಬ್ಬರ ಸೊತ್ತನ್ನು ಕೈಯಲ್ಲಿ ಹಿಡಿದವರು. ಒಬ್ಬನೇ ಮನುಷ್ಯ ಎರಡು ಪಾತ್ರ ವಹಿಸುವಾಗ ಒಂದರ ಗೌರವವನ್ನು ಇನ್ನೊಂದರ ಲೆಕ್ಕಕ್ಕೆ ಅಡ್ಡ ಹಿಡಿಯುವುದು, ಬೇಕೆಂದಲ್ಲದೆ ಅಭ್ಯಾಸಬಲದಿಂದ, ನಮ್ಮ ಮನೆಗಳಲ್ಲಿ ನಡೆದುಬಂದಿದೆ.

ಟ್ರಸ್ಟಿಯ ಮೇಲೆ ಕಾಯಿದೆ ಹೊರಿಸುವ ಮೊದಲ ಕೆಲಸ ತೀರ ಸಾದಾ. ಪತ್ರದಲ್ಲಿ ಬರೆದಂತೆ ನಡೆಯಬೇಕು, ಆಸ್ತಿಯ ಸ್ಥಿತಿಗತಿಯನ್ನು ಅರಿತುಕೊಳ್ಳಬೇಕು, ಅದರ ಹಕ್ಕನ್ನು ಕಾಪಾಡಬೇಕು. ಎಂದರೆ ಟ್ರಸ್ಟ್ ಪತ್ರವನ್ನು ಓದಬೇಕು. ಇದನ್ನು ಹೇಳಬೇಕೇ ಎಂದು ನಗಬೇಡಿ. ನಮಗೆ ತಿಳಿದ ಕುಟುಂಬ ಟ್ರಸ್ಟಿಗಳಲ್ಲಿ ಮೂಲಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದವರು ವಿರಳ. ಷೆಡ್ಡಿನ ಸಾತ್‌-ಬಾರಾ ಉತಾರದಲ್ಲೋ ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡಿನಲ್ಲೋ ಟ್ರಸ್ಟಿನ ಹೆಸರಿದೆಯೇ, ಅಥವಾ ಕಾಲವಾದ ತಂದೆಯ ಹೆಸರೇ ಮುಂದುವರಿದಿದೆಯೇ? ನಮ್ಮಲ್ಲಾದರೆ ವಿಲೇಜ್ ಆಫೀಸಿನ ತೀರ್ವೆ ರಶೀದಿ ಯಾರ ಹೆಸರಿನಲ್ಲಿ ಬರುತ್ತಿದೆ? ಇಂಥ ವಿವರಗಳನ್ನು ಮೂವತ್ತು ವರುಷ ನೋಡದೆ ಬಿಟ್ಟದ್ದರಿಂದ ಕೈತಪ್ಪಿದ ಜಾಗಗಳು ಈ ಗಡಿಯಲ್ಲೂ ಇವೆ, ಆ ಗಡಿಯಲ್ಲೂ ಇರಲೇಬೇಕು.

ಲೆಕ್ಕದ ವಿಷಯದಲ್ಲಿ ಕಾಯಿದೆಯ 19ನೆಯ ಕಲಮಿನಲ್ಲಿ ಸಂದಿಗ್ಧವೇನೂ ಇಲ್ಲ. ಟ್ರಸ್ಟಿಯು ಸ್ಪಷ್ಟವೂ ನಿಖರವೂ ಆದ ಲೆಕ್ಕವನ್ನು ಇಡಬೇಕು. ಫಲಾನುಭವಿ ಕೇಳಿದಾಗ, ಯುಕ್ತವಾದ ಯಾವುದೇ ವೇಳೆಯಲ್ಲಿ, ಆಸ್ತಿ ಎಷ್ಟಿದೆ, ಹೇಗಿದೆ ಎಂಬ ಪೂರ್ಣ ಮಾಹಿತಿಯನ್ನು ಕೊಡಬೇಕು. 57ನೆಯ ಕಲಮು ಇನ್ನೂ ಮುಂದೆ ಹೋಗುತ್ತದೆ. ಟ್ರಸ್ಟ್ ಪತ್ರ, ಆಸ್ತಿಯ ದಸ್ತಾವೇಜು, ಲೆಕ್ಕದ ಪುಸ್ತಕ, ವೋಚರುಗಳು, ಟ್ರಸ್ಟಿಯು ತನ್ನ ಮಾರ್ಗದರ್ಶನಕ್ಕಾಗಿ ವಕೀಲರಿಂದ ಪಡೆದ ಅಭಿಪ್ರಾಯವನ್ನು ಕೂಡ ಫಲಾನುಭವಿ ನೋಡಬಹುದು, ನಕಲು ತೆಗೆದುಕೊಳ್ಳಬಹುದು. ನಿಪ್ಪಾಣಿಯ ಹೆಣ್ಣುಮಗಳು ತಾಯಿಯ ಮರಣದ ದಿನದಿಂದ ಫಲಾನುಭವಿ. ಅವರು ಕೇಳಿದ್ದು ಔದಾರ್ಯವನ್ನಲ್ಲ.

ಮದುವೆಯಲ್ಲಿ ಕೊಟ್ಟಾಗಿದೆ ಎಂಬ ಮಾತಿಗೂ ಇಲ್ಲಿ ಬೆಲೆಯಿಲ್ಲ. ಮದುವೆಯಲ್ಲಿ ಕೊಟ್ಟದ್ದು ತಂದೆ. ಕೊಟ್ಟ ಮೇಲೂ ಟ್ರಸ್ಟ್ ಪತ್ರದಲ್ಲಿ ಮಗಳಿಗೆ ಸಮಪಾಲೆಂದು ಬರೆದವರೂ ಅದೇ ತಂದೆ. ಅವರು ತಿಳಿದೇ ಬರೆದದ್ದನ್ನು ಮಗ ತಿದ್ದುವ ಹಾಗಿಲ್ಲ. ಫಲಾನುಭವಿಗಳು ಒಬ್ಬರಿಗಿಂತ ಹೆಚ್ಚಾಗಿದ್ದರೆ ಟ್ರಸ್ಟಿಯು ಪಕ್ಷಪಾತವಿಲ್ಲದೆ ನಡೆಯಬೇಕು, ಒಬ್ಬರ ಅನುಕೂಲಕ್ಕಾಗಿ ಇನ್ನೊಬ್ಬರಿಗೆ ನಷ್ಟ ಮಾಡಬಾರದೆಂದು 17ನೆಯ ಕಲಮು ಹೇಳುತ್ತದೆ. ಕಣ್ಣೆದುರು ಓಡಾಡುವ ಮಗನಿಗೂ ವರುಷಕ್ಕೊಮ್ಮೆ ಜಾತ್ರೆಗೆ ಬರುವ ತಂಗಿಯ ಮಗಳಿಗೂ ತಕ್ಕಡಿ ಸಮವಾಗಿ ಹಿಡಿಯುವುದು ಕಷ್ಟವೇ ಸರಿ. ಆದರೆ ಈ ಕೆಲಸಕ್ಕೆ ಒಪ್ಪಿಕೊಂಡವರು ಕಷ್ಟವನ್ನೂ ಒಪ್ಪಿಕೊಂಡಿದ್ದಾರೆ. ಟ್ರಸ್ಟಿಯಾಗಲು ಯಾರೂ ಬದ್ಧರಲ್ಲ. ಒಪ್ಪಿದ ಮೇಲೆ ಬೇಡವೆಂದು ಎದ್ದುಹೋಗಲು ಮಾತ್ರ ಆಗುವುದಿಲ್ಲ. ನ್ಯಾಯಾಲಯದ ಅಪ್ಪಣೆ ಬೇಕು, ಅಥವಾ ಪ್ರಾಪ್ತವಯಸ್ಕ ಫಲಾನುಭವಿಗಳ ಒಪ್ಪಿಗೆ ಬೇಕು, ಅಥವಾ ಪತ್ರದಲ್ಲೇ ಅಂಥ ಅವಕಾಶವಿರಬೇಕು.

ಇಲ್ಲಿ ಭಾಷೆಯ ಮಾತು ತಾನಾಗಿ ಬರುತ್ತದೆ. ಪತ್ರಲೇಖಕರು ಬರೆದಂತೆ, ಟ್ರಸ್ಟ್ ಪತ್ರ ಮರಾಠಿಯಲ್ಲಿದೆ. ಷೆಡ್ಡಿನ ನಿವೇಶನದ ಹಳೆಯ ಕಾಗದವೊಂದು ಮೋಡಿ ಲಿಪಿಯಲ್ಲಿದೆ. ಅದನ್ನು ಓದಬಲ್ಲವರು ಈಗ ಮನೆಯಲ್ಲಿ ಯಾರೂ ಇಲ್ಲ. ತಂದೆಯವರು ತಾವಿರುವಷ್ಟು ಕಾಲ ಜಮಾಖರ್ಚನ್ನು ಕನ್ನಡದಲ್ಲಿ, ಕನ್ನಡ ಅಂಕಿಗಳಲ್ಲೇ ಬರೆದಿಟ್ಟಿದ್ದರು. ಈಗ ಅಣ್ಣನ ಮಗ ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲಿ ಏನನ್ನೋ ಇಡುತ್ತಾನೆ. ನಿಪ್ಪಾಣಿಯಲ್ಲಿ ಕನ್ನಡ ಶಾಲೆಗೆ ಹೋದ ಹೆಣ್ಣುಮಗಳಿಗೆ ಸರಾಗವಾಗಿ ಓದಲು ಬರುವುದು ಅಜ್ಜ ಬರೆದ ಪುಟಗಳು ಮಾತ್ರ. ನಮ್ಮಲ್ಲಿ ಇದು ತಿರುಗುಮುರುಗು: ಅಜ್ಜನ ದಸ್ತಾವೇಜು ಕನ್ನಡದಲ್ಲಿ, ಇಂದಿನ ಕಛೇರಿಯ ಕಾಗದ ಮಲೆಯಾಳದಲ್ಲಿ, ಮೊಮ್ಮಗನ ಓದು ಇಂಗ್ಲಿಷಿನಲ್ಲಿ.

ಪೂರ್ಣ ಮಾಹಿತಿ ಎಂದು ಕಾಯಿದೆ ಹೇಳುವಾಗ ಯಾವ ಭಾಷೆಯಲ್ಲೆಂದು ಹೇಳಿಲ್ಲ. ಕೇಳಿದವರಿಗೆ ಓದಲಾಗದ ಲಿಪಿಯಲ್ಲಿ ಕೊಟ್ಟದ್ದು ಪೂರ್ಣ ಮಾಹಿತಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಇದನ್ನು ನ್ಯಾಯಾಲಯದ ಮಾತೆಂದು ಓದುಗರು ತಿಳಿಯಬಾರದು. ಸರಕಾರದ ಮುಂದೆ ನಾವು ಯಾವ ವಾದವನ್ನು ಹೂಡುತ್ತೇವೆ? ಸಂವಿಧಾನದ 350ನೆಯ ಅನುಚ್ಛೇದವನ್ನು ತೋರಿಸಿ ನಮ್ಮ ಭಾಷೆಯಲ್ಲಿ ಅಹವಾಲು ಕೊಡುವ ಹಕ್ಕಿದೆ ಎನ್ನುತ್ತೇವೆ. 1969ರ ಕೇರಳದ ಆಡಳಿತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರಿ ಕಛೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶ ಕೊಟ್ಟಿದೆ ಎಂದು ನೆನಪಿಸುತ್ತೇವೆ. ತಹಸೀಲ್ದಾರರು ಮಲೆಯಾಳದಲ್ಲಿ ನೋಟೀಸು ಕಳಿಸಿದರೆ ನಮಗೆ ಸಿಟ್ಟು ಬರುತ್ತದೆ, ಬರಬೇಕಾದ್ದೇ. ಆದರೆ ನಮ್ಮದೇ ಮನೆಯ ಹೆಣ್ಣುಮಗಳಿಗೆ ಅವಳು ಓದಲಾರದ ಪುಟ ಕೊಟ್ಟು ಸಹಿ ಹಾಕಿಸಿಕೊಳ್ಳುವಾಗ ಆ ಸಿಟ್ಟು ಎಲ್ಲಿ ಹೋಗುತ್ತದೆ? ಒಂದು ಹಾಳೆ ಕನ್ನಡದಲ್ಲಿ ಬರೆದು ಲಗತ್ತಿಸಲು ಯಾವ ಸರಕಾರದ ಆಜ್ಞೆಯೂ ಬೇಡ.

ಷೆಡ್ಡಿನ ಬಾಡಿಗೆಗೆ ಬರೋಣ. ಸಿವಿಲ್ ನ್ಯಾಯಾಲಯದ ಅಪ್ಪಣೆಯಿಲ್ಲದೆ ಟ್ರಸ್ಟಿಯು ಆಸ್ತಿಯನ್ನು 21 ವರುಷಗಳಿಗಿಂತ ಹೆಚ್ಚಿನ ಅವಧಿಗೆ ಗೇಣಿಗೆ ಕೊಡಬಾರದು. ಕೊಟ್ಟಾಗ, ಯುಕ್ತವಾಗಿ ಸಿಗಬಹುದಾದಷ್ಟರಲ್ಲಿ ಅತ್ಯುತ್ತಮ ವಾರ್ಷಿಕ ಬಾಡಿಗೆಯನ್ನೇ ಗೊತ್ತುಮಾಡಬೇಕು. ಇದು 36ನೆಯ ಕಲಮು. ಇಪ್ಪತ್ತು ವರುಷಗಳ ಹಿಂದಿನ ಬಾಡಿಗೆ ಇಂದಿಗೂ ಅತ್ಯುತ್ತಮವೇ ಎಂಬುದನ್ನು ಪಕ್ಕದ ಷೆಡ್ಡಿನವರನ್ನು ಕೇಳಿದರೆ ಒಂದು ಬೆಳಗಿನಲ್ಲಿ ತಿಳಿದೀತು. ಬಾಡಿಗೆ ಹಿಡಿದವನು ಮಗ, ತಾನಲ್ಲ ಎಂಬ ಸಮಜಾಯಿಷಿ ದೂರ ಸಾಗದು. ಟ್ರಸ್ಟ್ ಆಸ್ತಿಯಿಂದ ಟ್ರಸ್ಟಿ ಸ್ವಂತ ಲಾಭ ಮಾಡಿಕೊಳ್ಳಬಾರದೆಂಬ ನಿಯಮವನ್ನು ನ್ಯಾಯಾಲಯಗಳು ಎಷ್ಟು ಬಿಗಿಯಾಗಿ ಹಿಡಿದಿವೆ ಎಂಬುದಕ್ಕೆ ಇಂಗ್ಲೆಂಡಿನ 1726ರ ಒಂದು ತೀರ್ಪನ್ನು ಇಂದಿಗೂ ಎತ್ತಿ ಹೇಳುತ್ತಾರೆ. ರಮ್‌ಫೋರ್ಡ್ ಎಂಬ ಊರಿನ ಸಂತೆಯ ಗುತ್ತಿಗೆಯನ್ನು ಒಬ್ಬ ಚಿಕ್ಕ ಹುಡುಗನಿಗಾಗಿ ಟ್ರಸ್ಟಿಯೊಬ್ಬ ಹಿಡಿದಿದ್ದ. ಅವಧಿ ಮುಗಿಯಿತು. ಅಪ್ರಾಪ್ತನ ಹೆಸರಿಗೆ ಗುತ್ತಿಗೆ ಮುಂದುವರಿಸಲು ಸಂತೆಯ ಒಡೆಯ ಒಪ್ಪಲಿಲ್ಲ. ಆಗ ಟ್ರಸ್ಟಿ ತನ್ನ ಹೆಸರಿಗೇ ತೆಗೆದುಕೊಂಡ. ಹುಡುಗನಿಗೆ ಹೇಗೂ ಸಿಗುತ್ತಿರಲಿಲ್ಲ, ಮೋಸವೂ ಇರಲಿಲ್ಲ. ಆದರೂ ನ್ಯಾಯಾಧೀಶ ಲಾರ್ಡ್ ಕಿಂಗ್, ಲೋಕದಲ್ಲಿ ಇನ್ನಾರು ತೆಗೆದುಕೊಂಡರೂ ಸರಿ, ಟ್ರಸ್ಟಿ ಒಬ್ಬ ಮಾತ್ರ ತೆಗೆದುಕೊಳ್ಳಕೂಡದೆಂಬ ಭಾವದಲ್ಲಿ, ಗುತ್ತಿಗೆಯನ್ನೂ ಅದರ ಲಾಭವನ್ನೂ ಹುಡುಗನಿಗೇ ಕೊಡಿಸಿದ. ನಮ್ಮ ಕಾಯಿದೆಯ 51, 52ನೆಯ ಕಲಮುಗಳು ಇದೇ ಜಾಡಿನವು. ಮಾರಾಟದ ಹೊಣೆ ಹೊತ್ತ ಟ್ರಸ್ಟಿ ಆ ಸೊತ್ತನ್ನು ತಾನೇ ಕೊಳ್ಳುವಂತಿಲ್ಲ, ಬೇನಾಮಿಯಾಗಿಯೂ ಇಲ್ಲ. ಟ್ರಸ್ಟಿನ ಹಣವನ್ನು ಟ್ರಸ್ಟಿಗಳು ತಮ್ಮಲ್ಲೊಬ್ಬರಿಗೆ ಸಾಲ ಕೊಡುವುದೂ ಸಲ್ಲ. ನೂಲಿನ ದರ ಏರಿದಾಗ ನಾಲ್ಕು ದಿನದ ಕೈಗಡವೆಂದು ತೆಗೆದರೂ ತಪ್ಪು ತಪ್ಪೇ.

ಹನ್ನೆರಡು ಮಗ್ಗಗಳ ಸಂಗತಿ ಇನ್ನೂ ಸ್ವಾರಸ್ಯದ್ದು. ಒಬ್ಬರ ನಂತರ ಒಬ್ಬರು ಅನುಭವಿಸಬೇಕಾದ ಆಸ್ತಿಯಲ್ಲಿ ಸವೆದುಹೋಗುವ ವಸ್ತುವಿದ್ದರೆ, ಪತ್ರದಲ್ಲಿ ಬೇರೆ ಇಂಗಿತವಿಲ್ಲದ ಪಕ್ಷದಲ್ಲಿ, ಟ್ರಸ್ಟಿ ಅದನ್ನು ಬಾಳುವ, ಒಡನೆ ಉತ್ಪನ್ನ ಕೊಡುವ ಆಸ್ತಿಯಾಗಿ ಮಾರ್ಪಡಿಸಬೇಕೆಂದು 16ನೆಯ ಕಲಮು ಹೇಳುತ್ತದೆ. ನಲುವತ್ತು ವರುಷದ ಸಾದಾ ಮಗ್ಗಕ್ಕಿಂತ ಸವೆಯುವ ವಸ್ತು ಯಾವುದಿದೆ? ಲಾಳಿಯಿಲ್ಲದ ಹೊಸ ಮಗ್ಗಗಳು ಬಂದ ಮೇಲೆ ಹಳೆಯವು ತೂಕಕ್ಕೆ ಹೋಗುತ್ತವೆ. ಬೆಲೆ ಬರುವಾಗಲೇ ಮಾರಿ ಹಣವನ್ನು ಭದ್ರವಾದೆಡೆ ತೊಡಗಿಸಿದ್ದರೆ ಮೊಮ್ಮಕ್ಕಳಿಗೆ ಏನಾದರೂ ಉಳಿಯುತ್ತಿತ್ತು. ಎಲ್ಲಿ ತೊಡಗಿಸಬಹುದೆಂಬ ಹಳೆಯ ಪಟ್ಟಿಯನ್ನು 2016ರ ತಿದ್ದುಪಡಿ ಸಡಿಲಿಸಿ, ಪತ್ರದಲ್ಲಿ ಹೇಳಿದ ಹೂಡಿಕೆಗಳಿಗೂ ಕೇಂದ್ರ ಸರಕಾರ ಸೂಚಿಸುವ ವರ್ಗದವುಗಳಿಗೂ ದಾರಿ ಮಾಡಿದೆ. ತಂದೆಯ ನೆನಪಿನ ಮಗ್ಗಗಳನ್ನು ಮಾರಲು ಮನಸ್ಸು ಬರಲಿಲ್ಲವೆಂದು ದೊಡ್ಡವರು ಹೇಳಬಹುದು. ನಮಗೂ ಅದು ಅರ್ಥವಾಗುತ್ತದೆ. ಸ್ವಂತ ಸೊತ್ತಾಗಿದ್ದರೆ ಅದು ಸಾಕಾದ ಉತ್ತರ.

ದೊಡ್ಡವರ ಪರವಾಗಿಯೂ ಹೇಳಬೇಕಾದ್ದಿದೆ. 2019ರಲ್ಲಿ ಪಂಚಗಂಗೆ ಉಕ್ಕಿ ಬಂದಾಗ ಷೆಡ್ಡಿನ ಮೋಟಾರುಗಳನ್ನು ರಾತ್ರೋರಾತ್ರಿ ಮೇಲೆತ್ತಿಸಿದವರು ಅವರು. ಪಾಲಿಕೆಯ ತೆರಿಗೆ ಕಟ್ಟಿದವರು, ಸೂರು ರಿಪೇರಿ ಮಾಡಿಸಿದವರು ಅವರೇ ಎಂದು ಪತ್ರದಲ್ಲಿದೆ. ಇಂಥ ನ್ಯಾಯವಾದ ಖರ್ಚನ್ನು ಟ್ರಸ್ಟಿನ ಆಸ್ತಿಯಿಂದ ಭರಿಸಿಕೊಳ್ಳುವ ಹಕ್ಕು ಟ್ರಸ್ಟಿಗಿದೆ. ಪಟ್ಟ ಶ್ರಮಕ್ಕೆ ಸಂಬಳ ಮಾತ್ರ, ಪತ್ರದಲ್ಲಿ ಹೇಳದ ಹೊರತು, ಸಿಗುವುದಿಲ್ಲ. ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ಸೊತ್ತನ್ನು ನೋಡಿಕೊಳ್ಳುವಷ್ಟು ಜಾಗರೂಕತೆಯನ್ನು ಕಾಯಿದೆ ಕೇಳುತ್ತದೆ, ಅದಕ್ಕಿಂತ ಹೆಚ್ಚನ್ನಲ್ಲ. ಅಷ್ಟು ಮಾಡಿಯೂ ಆಸ್ತಿಗೆ ಹಾನಿಯಾದರೆ ಅವನು ಹೊಣೆಯಲ್ಲ. ಲೆಕ್ಕ ಬರೆದಿಟ್ಟಿದ್ದರೆ ಇದೆಲ್ಲ ಅವರ ಪಾಲಿನ ಪುಣ್ಯವಾಗಿ ಪುಸ್ತಕದಲ್ಲಿ ನಿಲ್ಲುತ್ತಿತ್ತು. ಲೆಕ್ಕವಿಲ್ಲದ್ದರಿಂದ ಮಾಡಿದ ಒಳ್ಳೆಯ ಕೆಲಸವೂ ಸಂಶಯಕ್ಕೆ ಒಳಗಾಗುತ್ತದೆ.

ಈಗ ಪತ್ರಲೇಖಕರ ಪ್ರಶ್ನೆಗೆ. ಬರೇ ಸಹಿ ಹಾಕಿದವನೆಂಬ ಟ್ರಸ್ಟಿಯೊಬ್ಬ ಕಾನೂನಿನಲ್ಲಿಲ್ಲ. ಟ್ರಸ್ಟಿಗಳು ಹಲವರಿದ್ದರೆ, ಪತ್ರದಲ್ಲಿ ಬೇರೆ ರೀತಿ ಹೇಳದ ಹೊರತು, ಎಲ್ಲರೂ ಸೇರಿಯೇ ಕೆಲಸ ನಡೆಸಬೇಕು. ತನ್ನ ಹೊಣೆಯನ್ನು ಇನ್ನೊಬ್ಬರಿಗೆ ವಹಿಸಿ ಕೈತೊಳೆದುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಟ್ರಸ್ಟಿಗಳು ತಮ್ಮ ಕರ್ತವ್ಯವನ್ನೂ ಅಧಿಕಾರವನ್ನೂ ಬೇರೊಂದು ಮಂಡಲಿಗೆ ವರ್ಗಾಯಿಸಲಾರರೆಂದು ಸುಪ್ರೀಂ ಕೋರ್ಟು ಶೇಖ್ ಅಬ್ದುಲ್ ಕಯೂಮರ ಮೊಕದ್ದಮೆಯಲ್ಲಿ ಹೇಳಿ ಆರು ದಶಕಗಳು ಕಳೆದವು. ಸಹಟ್ರಸ್ಟಿಯ ತಪ್ಪಿಗೆ ತಾನು ಹೊಣೆಯಲ್ಲವೆಂಬುದು ಸಾಮಾನ್ಯ ನಿಯಮವಾದರೂ 26ನೆಯ ಕಲಮು ಅದಕ್ಕೆ ಮೂರು ಅಪವಾದಗಳನ್ನು ಇಟ್ಟಿದೆ. ಸೊತ್ತನ್ನು ಸಹಟ್ರಸ್ಟಿಯ ಕೈಗೆ ಕೊಟ್ಟು ಅದರ ವಿನಿಯೋಗವನ್ನು ನೋಡದಿದ್ದರೆ. ಅವನು ಹಣ ಪಡೆಯುವುದನ್ನು ಬಿಟ್ಟುಕೊಟ್ಟು ಏನಾಯಿತೆಂದು ವಿಚಾರಿಸದಿದ್ದರೆ. ತಪ್ಪು ನಡೆದದ್ದು ತಿಳಿದೂ ಮುಚ್ಚಿಟ್ಟರೆ ಅಥವಾ ಯುಕ್ತ ಕಾಲದೊಳಗೆ ಕ್ರಮ ಕೈಗೊಳ್ಳದಿದ್ದರೆ. ಈ ಮೂರರಲ್ಲಿ ತಾವು ಯಾವುದರಲ್ಲಿ ಇಲ್ಲವೆಂದು ಪತ್ರಲೇಖಕರು ತಮ್ಮನ್ನೇ ಕೇಳಿಕೊಳ್ಳಲಿ. ಕಠಿಣವಾಗಿ ಹೇಳುತ್ತಿದ್ದೇವೆ, ಕ್ಷಮಿಸಬೇಕು. ಸೇರಿ ಮಾಡಿದ ತಪ್ಪಿಗೆ ಫಲಾನುಭವಿಯ ಎದುರು ಪ್ರತಿಯೊಬ್ಬ ಟ್ರಸ್ಟಿಯೂ ಇಡೀ ನಷ್ಟಕ್ಕೆ ಹೊಣೆ. ಕಡಿಮೆ ತಪ್ಪಿತಸ್ಥನು ಕಟ್ಟಿಕೊಟ್ಟ ಮೇಲೆ ಹೆಚ್ಚು ತಪ್ಪಿತಸ್ಥನಿಂದ ಅದನ್ನು ವಸೂಲು ಮಾಡಬಹುದು. ತಮ್ಮ ಅಣ್ಣನಿಂದ ವಸೂಲು ಮಾಡುವುದು ಎಂಥ ಕೆಲಸವೆಂದು ನಾವು ವಿವರಿಸಬೇಕಾಗಿಲ್ಲ.

ಕಾಲ ಕಳೆದರೆ ಎಲ್ಲ ಮುಚ್ಚಿಹೋಗುತ್ತದೆಂಬ ನಂಬಿಕೆಯೊಂದಿದೆ. ಸಾಲದ ವಿಷಯದಲ್ಲಿ ಮೂರು ವರುಷ, ಜಾಗದ ವಿಷಯದಲ್ಲಿ ಹನ್ನೆರಡು ವರುಷವೆಂದು ಊರ ಕಟ್ಟೆಯಲ್ಲಿ ಕುಳಿತವರೂ ಹೇಳುತ್ತಾರೆ. 1963ರ ಕಾಲಮಿತಿ ಕಾಯಿದೆಯ 10ನೆಯ ಕಲಮನ್ನು ಅವರು ಓದಿಲ್ಲ. ನಿರ್ದಿಷ್ಟ ಉದ್ದೇಶಕ್ಕಾಗಿ ಸೊತ್ತು ವಹಿಸಿಕೊಂಡ ಟ್ರಸ್ಟಿಯಿಂದಲೋ ಅವನ ವಾರಸುದಾರರಿಂದಲೋ ಆ ಸೊತ್ತನ್ನು ಮರಳಿ ಪಡೆಯಲು, ಅದರ ಲೆಕ್ಕ ಕೇಳಲು, ಹೂಡುವ ದಾವೆಗೆ ಎಷ್ಟು ಕಾಲ ಕಳೆದರೂ ಮಿತಿ ಅಡ್ಡ ಬರುವುದಿಲ್ಲ. ಎಂದರೆ ಇಂದು ದೊಡ್ಡವರು ಕೊಡದ ಲೆಕ್ಕವನ್ನು ನಾಳೆ ಅವರ ಮಗ ಕೊಡಬೇಕಾದೀತು. ಬೇಕೆಂದೇ ಮೋಸದಿಂದ ಸೊತ್ತು ಕಬಳಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನ ಕೆಳಗೆ ಅಪರಾಧ. ಈ ಪತ್ರದಲ್ಲಿ ಅಂಥದೇನೂ ನಮಗೆ ಕಂಡಿಲ್ಲ.

ಹಿರಿಯ ನಾಲ್ವರನ್ನು ಕೂಡಿಸಿ ಪಂಚಾಯಿತಿ ಮಾಡಬಾರದೇ? ಮಾಡಬಹುದು, ಮಾಡಬೇಕು ಕೂಡ. ಆದರೆ ಅದರ ಮಿತಿಯನ್ನು ತಿಳಿದಿರಬೇಕು. 1983ರಲ್ಲಿ ಮುಂಬಯಿಯಲ್ಲಿ ಆರು ಮಂದಿ ಅಪ್ರಾಪ್ತ ಮಕ್ಕಳಿಗಾಗಿ ಮಾಡಿದ ಕುಟುಂಬ ಟ್ರಸ್ಟೊಂದರಲ್ಲಿ, ವ್ಯಾಜ್ಯಗಳನ್ನು ಮಧ್ಯಸ್ಥರಿಗೆ ಒಪ್ಪಿಸಬೇಕೆಂದು ಪತ್ರದಲ್ಲೇ ಬರೆದಿತ್ತು. ಮಕ್ಕಳು ದೊಡ್ಡವರಾಗಿ ಮನಸ್ತಾಪ ಬಂದಾಗ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2016ರ ಆಗಸ್ಟಿನಲ್ಲಿ ಕೋರ್ಟು ಹೇಳಿದ್ದಿಷ್ಟು: ಫಲಾನುಭವಿಗಳು ಆ ಪತ್ರಕ್ಕೆ ಸಹಿ ಹಾಕಿದ ಪಕ್ಷಗಾರರಲ್ಲ, ಟ್ರಸ್ಟ್ ಕಾಯಿದೆಯೇ ಪರಿಹಾರದ ದಾರಿಯನ್ನು ಸಿವಿಲ್ ನ್ಯಾಯಾಲಯದಲ್ಲಿ ತೋರಿಸಿರುವುದರಿಂದ ಇಂಥ ವ್ಯಾಜ್ಯವನ್ನು ಮಧ್ಯಸ್ಥಿಕೆಗೆ ಒಯ್ಯುವಂತಿಲ್ಲ. ಮನೆಯೊಳಗಿನ ರಾಜಿ ಎಲ್ಲರೂ ಒಪ್ಪಿದರೆ ರಾಜಿ. ಒಬ್ಬರು ಒಪ್ಪದಿದ್ದರೂ ನ್ಯಾಯಾಲಯದ ಬಾಗಿಲು ತೆರೆದೇ ಇರುತ್ತದೆ. ಆ ಬಾಗಿಲು ಜಗಳಕ್ಕೆ ಮಾತ್ರವಲ್ಲ. ಆಡಳಿತದಲ್ಲಿ ಏನು ಮಾಡಬೇಕೆಂಬ ಸಂದೇಹ ಬಂದಾಗ ಟ್ರಸ್ಟಿಯೇ ದಾವೆ ಹೂಡದೆ, ಒಂದು ಅರ್ಜಿ ಕೊಟ್ಟು, ಜಿಲ್ಲಾ ನ್ಯಾಯಾಲಯದ ಸಲಹೆ ಕೇಳಬಹುದೆಂದು 34ನೆಯ ಕಲಮಿನಲ್ಲಿದೆ. ಇಚಲಕರಂಜಿಯವರಿಗೆ ಅದು ಕೊಲ್ಹಾಪುರದಲ್ಲಿದೆ. 2025ರ ಆಗಸ್ಟಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವೂ ಅಲ್ಲಿ ಆರಂಭವಾಯಿತು.

ನಮ್ಮ ಜಿಲ್ಲೆಯ ಓದುಗರಿಗಾಗಿ ಒಂದೆರಡು ಮಾತು. ಇಲ್ಲಿ ಟ್ರಸ್ಟಿ ಎಂಬುದಕ್ಕೆ ಮೊಕ್ತೇಸರ ಎಂಬ ಹಳೆಯ ಶಬ್ದವಿದೆ. ಅದನ್ನು ಕೇಳಿದೊಡನೆ ದೇವಸ್ಥಾನ ನೆನಪಾಗುತ್ತದೆ, ಷೆಡ್ಡಲ್ಲ. ಅಳಿಯಸಂತಾನ ಕುಟುಂಬಗಳ ಯಜಮಾನಿಕೆ, ಅವಿಭಕ್ತ ಕುಟುಂಬದ ಕರ್ತೃತ್ವ, ಇವೆರಡನ್ನೂ ಕೇರಳದ 1975ರ ಕಾಯಿದೆ ರದ್ದುಮಾಡಿತು. ಆಮೇಲೆ ತರವಾಡು ಮನೆಯನ್ನೂ ದೈವದ ಭಂಡಾರವನ್ನೂ ಉಳಿಸಿಕೊಳ್ಳಲು ಟ್ರಸ್ಟ್ ಮಾಡಿಕೊಂಡ ಮನೆಗಳಿವೆ. ಅವರು ಮೊದಲು ತಿಳಿಯಬೇಕಾದ್ದು ತಮ್ಮದು ಖಾಸಗಿಯೋ ಸಾರ್ವಜನಿಕವೋ ಎಂಬುದನ್ನು. ದೇವಕೀನಂದನ ವಿರುದ್ಧ ಮುರಳೀಧರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಒರೆಗಲ್ಲು ಸರಳವಾಗಿದೆ: ಪ್ರಯೋಜನ ಸಲ್ಲುವುದು ಹೆಸರಿಸಿ ಗುರುತಿಸಬಲ್ಲ ನಿರ್ದಿಷ್ಟ ಜನರಿಗಾದರೆ ಖಾಸಗಿ, ಊರ ಭಕ್ತಸಮುದಾಯಕ್ಕಾದರೆ ಸಾರ್ವಜನಿಕ. ಸಾರ್ವಜನಿಕವಾದರೆ 1882ರ ಕಾಯಿದೆ ನೇರವಾಗಿ ಅನ್ವಯಿಸದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮು ಬರುತ್ತದೆ, ದೇವಸ್ಥಾನವಾದರೆ ಮಲಬಾರ್ ದೇವಸ್ವಂ ಬೋರ್ಡು ಬರುತ್ತದೆ. ಹಾಗೆಂದು ಲೆಕ್ಕದ ಹೊಣೆ ತಪ್ಪದು. ನಮ್ಮ ಮಹಂತ, ಮಠಾಧಿಪತಿಗಳು ಇಂಗ್ಲಿಷ್ ಕಾನೂನಿನ ಅರ್ಥದ ಟ್ರಸ್ಟಿಗಳಲ್ಲವೆಂದು 1921ರಲ್ಲಿ ಹೇಳಿದ ಪ್ರಿವಿ ಕೌನ್ಸಿಲೇ, ದುರಾಡಳಿತವಾದರೆ ಅವರೂ ಟ್ರಸ್ಟಿಯಂತೆ ಉತ್ತರ ಹೇಳಬೇಕೆಂದಿತ್ತು.

ಬರೆದವನ ಇಚ್ಛೆಗೆ ಕಟ್ಟುಬಿದ್ದು ನಡೆದರೆ ಒಂದು ಮನೆಯ ಆಸ್ತಿ ಎಲ್ಲಿಯವರೆಗೆ ಹೋಗಬಲ್ಲದೆಂಬುದನ್ನು ನೋಡಲು ಇಚಲಕರಂಜಿಯವರು ದೂರ ಹೋಗಬೇಕಾಗಿಲ್ಲ. 1906ರಲ್ಲಿ ಕಾಲವಾದ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನವನ್ನೇ ವಿದ್ಯಾರ್ಥಿಗಳ ಓದಿಗೆ ಮೃತ್ಯುಪತ್ರದ ಮೂಲಕ ಬಿಟ್ಟರು. ಅದರ ಮೇಲೆ ವ್ಯಾಜ್ಯ ಹೂಡಲಾಯಿತು, ವರುಷಗಟ್ಟಲೆ ನಡೆಯಿತು. ಟ್ರಸ್ಟ್ ಉಳಿಯಿತು. ಅದರ ವಿದ್ಯಾರ್ಥಿವೇತನದಿಂದ ಓದಿ ಮೇಲೆ ಬಂದವರು ಉತ್ತರ ಕರ್ನಾಟಕದ ತುಂಬ ಇದ್ದಾರೆ. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಇರುವುದು ಅವರದೇ ಹೆಸರು. ಇಚಲಕರಂಜಿಯ ಷೆಡ್ಡು ಅಷ್ಟು ದೊಡ್ಡದಲ್ಲ, ಮೂವರು ಮಕ್ಕಳ ಕುಟುಂಬಗಳ ಪಾಲಿಗೆ ಸಣ್ಣದೂ ಅಲ್ಲ.

ಪತ್ರಲೇಖಕರಿಗೆ ನಾವು ಹೇಳುವುದಿಷ್ಟು. ಸಬ್ ರಿಜಿಸ್ಟ್ರಾರ್ ಕಛೇರಿಯಿಂದ ಟ್ರಸ್ಟ್ ಪತ್ರದ ದೃಢೀಕೃತ ನಕಲು ತೆಗೆಸಿ ಓದಿರಿ. ಖಾಲಿ ಬಿದ್ದ ಮೂರನೆಯ ಸ್ಥಾನಕ್ಕೆ ನೇಮಿಸುವ ಅಧಿಕಾರ ಯಾರಿಗೆಂದು ಪತ್ರದಲ್ಲಿ ಹೇಳಿದ್ದರೆ ಹಾಗೆ, ಹೇಳಿಲ್ಲದಿದ್ದರೆ ಉಳಿದ ಟ್ರಸ್ಟಿಗಳಾದ ನೀವಿಬ್ಬರೂ ಬರವಣಿಗೆಯಲ್ಲಿ ನೇಮಿಸಬಹುದು. ಎರಡೂ ಮನೆಗೆ ಬೇಕಾದ, ಷೆಡ್ಡಿನಲ್ಲಿ ಆಸೆಯಿಲ್ಲದ ಒಬ್ಬರನ್ನು ಆರಿಸಿಕೊಳ್ಳಿ. ಮೋಡಿಯ ಕಾಗದವನ್ನು ಬಲ್ಲವರಿಂದ ದೇವನಾಗರಿಗೆ ಇಳಿಸಿ ಇಟ್ಟುಕೊಳ್ಳಿ. ಮುಂದಿನ ಕಾಗದಕ್ಕೆ ಲೆಕ್ಕ ನೋಡದೆ ಸಹಿ ಹಾಕಬೇಡಿ. ಅಣ್ಣನಿಗೆ ಬಾಯಲ್ಲಿ ಹೇಳಲಾಗದಿದ್ದರೆ ಬರೆದು ತಿಳಿಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳಿ. ನಿಪ್ಪಾಣಿಗೆ ಒಂದು ಪತ್ರ ಹಾಕಿ, ಕನ್ನಡದಲ್ಲೇ. ಲೆಕ್ಕ ಇನ್ನೂ ಸಿದ್ಧವಿಲ್ಲ, ಸಿದ್ಧಮಾಡುತ್ತಿದ್ದೇವೆ, ಬಂದು ಪುಸ್ತಕ ನೋಡಬಹುದು ಎಂಬಷ್ಟೇ ಬರೆದರೂ ಎರಡು ವರುಷ ಕಾದವರಿಗೆ ಅದು ಮೊದಲ ಉತ್ತರವಾಗುತ್ತದೆ.